ನೆರವಿನ ಗುಂಪು ಬೇಕೆನಿಸಿದಾಗ ಮೊದಲು ಯಾರನ್ನು ಕೇಳಬೇಕು?

ದೀರ್ಘಕಾಲದ ಕಾಯಿಲೆ, ಕುಡಿತ, ಆಪ್ತರ ಸಾವು, ಮನಸ್ಸಿನ ತೊಂದರೆ ಇಂಥವುಗಳನ್ನು ಸ್ವತಃ ಅನುಭವಿಸಿದವರೊಡನೆ ಮಾತನಾಡಬೇಕು ಎನಿಸಿದರೆ ಮೊಬೈಲ್‌ನಲ್ಲಿ ಹುಡುಕುವ ಮೊದಲು, ನೀವು ಚಿಕಿತ್ಸೆ ಪಡೆಯುವ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಆಪ್ತಸಮಾಲೋಚಕರನ್ನೋ ಕೇಳಿ. ಯಾವ ಗುಂಪು ತಪ್ಪದೆ ಸಭೆ ಸೇರುತ್ತಿದೆ, ಯಾವುದು ಹೆಸರಿಗಷ್ಟೇ ಉಳಿದಿದೆ ಎಂಬುದು ಅವರಿಗೆ ಗೊತ್ತಿರುವ ಸಾಧ್ಯತೆ ಹೆಚ್ಚು. ವೈದ್ಯರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು.

ಕುಡಿತ ಬಿಡಬಯಸುವವರಿಗೆ 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ನೆರವಿನ ಗುಂಪು ಇಂದು ಅನೇಕ ದೇಶಗಳಲ್ಲಿದೆ. ಸದಸ್ಯತ್ವ ಶುಲ್ಕವಿಲ್ಲ. ಮುಕ್ತ ಸಭೆಗೆ ಯಾರು ಬೇಕಾದರೂ ಹೋಗಬಹುದು. ಉಳಿದ ಸಭೆಗಳು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕುಟುಂಬದವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪುಗಳಿವೆ. ಆರೈಕೆ ಮಾಡುವವರು ತಮಗೂ ಆಸರೆ ಬೇಕೆಂಬುದನ್ನೇ ಮರೆತು ಸೊರಗುತ್ತಾರೆ; ದಯವಿಟ್ಟು ಅವರಿಗೂ ಇದನ್ನು ತಿಳಿಸಿ.

ಸೇರುವ ಮೊದಲು ಸಂಚಾಲಕರಿಗೆ ಕರೆ ಮಾಡಿ. ಸಭೆಯನ್ನು ಯಾರು ನಡೆಸುತ್ತಾರೆ, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬ ನಿಯಮವಿದೆಯೇ, ಮೊದಲ ದಿನ ಸುಮ್ಮನೆ ಕೇಳುತ್ತಾ ಕುಳಿತಿರಬಹುದೇ ಎಂದು ವಿಚಾರಿಸಿ. ಎರಡನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ನಾನಂತೂ ಆ ಗುಂಪನ್ನು ನಂಬುವುದಿಲ್ಲ. ವೈದ್ಯರು ಕೊಟ್ಟ ಔಷಧಿ ನಿಲ್ಲಿಸಿ ಎನ್ನುವ ಅಥವಾ ಏನನ್ನಾದರೂ ಮಾರಲು ನೋಡುವ ಕಡೆಯಿಂದ ಕೂಡಲೇ ಹೊರಬನ್ನಿ. ಮೊದಲ ಸಭೆ ಹಿಡಿಸದಿದ್ದರೆ ಇನ್ನೊಂದೆರಡು ಬಾರಿ ಹೋಗಿ ನೋಡಿ, ಇಲ್ಲವೇ ಬೇರೆ ಗುಂಪು ಹುಡುಕಿ. ಓಡಾಡಲು ಕಷ್ಟವಿರುವವರಿಗೆ ಆನ್‌ಲೈನ್ ಸಭೆಗಳೂ ಇವೆ.

ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ ಸಭೆಯ ದಿನಕ್ಕಾಗಿ ಕಾಯಲೇಬೇಡಿ. ಆ ಕ್ಷಣವೇ ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.