ಸ್ಕೂಲಿನವರು ಅಳೆದಿದ್ದಾರೆ ಅಂತ ಸುಮ್ಮನಿರಬೇಡಿ: ಇಂಗ್ಲೆಂಡಿನಲ್ಲಿ ಮಕ್ಕಳ ಎತ್ತರದ ವಿಚಾರ

ಜಿಪಿ, ಅಂದರೆ ಕುಟುಂಬ ವೈದ್ಯರ ಹತ್ತಿರ ಹೆಸರು ಬರೆಸುವುದು, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನಂಬರ್ ಪಡೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ಹೊಸದಾಗಿ ಬಂದವರು ಎಡವುವುದು ಬೇರೆ ಕಡೆ.

ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ರಿಸೆಪ್ಷನ್‌ನಲ್ಲೊಮ್ಮೆ (4-5 ವರ್ಷ), ಇಯರ್ 6ರಲ್ಲೊಮ್ಮೆ (10-11 ವರ್ಷ) ಮಕ್ಕಳ ಎತ್ತರ-ತೂಕ ಅಳೆಯುತ್ತಾರೆ. ಬಹಳ ಕಡೆ ಮನೆಗೆ ಕಾಗದವೂ ಬರುತ್ತದೆ. ‘ಹೆಲ್ದಿ ವೆಯ್ಟ್’ ಅಂತ ಓದಿ ಅಪ್ಪ-ಅಮ್ಮ ನಿರಾಳ. ಆ ಕಾಗದ ಹೇಳುವುದು ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತಷ್ಟೇ. ವಯಸ್ಸಿಗೆ ತಕ್ಕ ಎತ್ತರ ಇದೆಯೇ ಅನ್ನುವುದನ್ನು ನೀವೇ ನೋಡಬೇಕು.

ನಮಗೆ ಪರಿಚಯದ ಒಂದು ಮನೆಯಲ್ಲಿ ಇಂಥ ಎರಡೂ ಕಾಗದ ಫೈಲಿನಲ್ಲಿ ಭದ್ರವಾಗಿದ್ದವು. ಗೆಳತಿಯರೆಲ್ಲ ಎತ್ತರವಾದರೂ ಹುಡುಗಿ ಮಾತ್ರ ಬೆಳೆಯಲಿಲ್ಲ. ಜಿಪಿ ಕೇಳಿದಾಗ ತಂದೆ ‘ನಮ್ಮ ಮನೆಯಲ್ಲಿ ಎಲ್ಲರೂ ಕುಳ್ಳರೇ’ ಅಂದುಬಿಟ್ಟರು. ಮಾತು ಅಲ್ಲಿಗೇ ಮುಗಿಯಿತು, ವರ್ಷವೂ ಹೋಯಿತು. ಮುಂದಿನ ಸಲ ಸಿಕ್ಕ ಬದಲಿ ಡಾಕ್ಟರು ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕಿ ಇಟ್ಟರು. ಅದು ತೀರಾ ಕೆಳಗಿನ 0.4ರ ಗೆರೆಗಿಂತಲೂ (ಸಾವಿರಕ್ಕೆ ನಾಲ್ಕು ಮಕ್ಕಳಷ್ಟೇ ಇದಕ್ಕಿಂತ ಕುಳ್ಳಗಿರುತ್ತಾರೆ) ಕೆಳಗೆ ಬಿತ್ತು. ‘ಮುಷ್ಟಿ ಹಿಡಿ ನೋಡೋಣ’ ಅಂದರು: ನಾಲ್ಕನೇ ಬೆರಳಿನ ಗೆಣ್ಣು ಒಳಗೆ ಕೂತಿತ್ತು. ಮೊಣಕೈ ಹೊರಕ್ಕೆ ಬಾಗಿತ್ತು, ಕತ್ತಿನ ಹಿಂದೆ ಕೂದಲು ತುಂಬಾ ಕೆಳಗಿನವರೆಗೆ ಇಳಿದಿತ್ತು. ಕ್ರೋಮೋಸೋಮ್ ಪರೀಕ್ಷೆಯಲ್ಲಿ, ಹುಡುಗಿಯರಲ್ಲಿ ಎರಡಿರಬೇಕಾದ ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಇಲ್ಲವೆಂದು ಬಂತು. ಟರ್ನರ್ ಸಿಂಡ್ರೋಮ್.

ಸುಮಾರು 2,000ದಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇದಿರುತ್ತದೆ. ಹುಟ್ಟಿದಾಗಲೇ ಕೈಕಾಲು ಊದಿಕೊಂಡಿರುವುದು, ಕತ್ತಿನ ಪಕ್ಕ ಚರ್ಮದ ಮಡಿಕೆ, ಅಗಲ ಎದೆ, ಪದೇ ಪದೇ ಕಿವಿ ಸೋಂಕು ಕೆಲವರಲ್ಲಿ ಕಾಣುತ್ತವೆ. ಕೆಲವರಲ್ಲಿ ಕುಳ್ಳಗಿರುವುದೊಂದೇ ಸುಳಿವು. ಬುದ್ಧಿ ಸಾಮಾನ್ಯವಾಗಿ ಎಲ್ಲರಂತೆಯೇ. ಹೃದಯದ ಮಹಾಪಧಮನಿಯ ತೊಂದರೆ ಇರಬಹುದಾದ್ದರಿಂದ ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಬಿಡಬಾರದು.

ಹಾಗಾಗಿ ಜಿಪಿ ಹತ್ತಿರ ಹೋಗುವಾಗ ರೆಡ್ ಬುಕ್ (ಮಗುವಿನ ಆರೋಗ್ಯ, ಬೆಳವಣಿಗೆ ಬರೆದಿಡುವ ಪುಸ್ತಕ) ಒಯ್ಯಿರಿ, ಹಳೆಯ ಅಳತೆಗಳನ್ನು ತಾರೀಖಿನ ಸಮೇತ ಬರೆದುಕೊಳ್ಳಿ, ಅಪ್ಪ-ಅಮ್ಮನ ಎತ್ತರ ಸೆಂಟಿಮೀಟರಿನಲ್ಲಿ ಹೇಳಿ. ಕುಳ್ಳರ ಮನೆತನ ಎಂಬ ತೀರ್ಮಾನ ಡಾಕ್ಟರಿಗೆ ಬಿಡಿ. ಅಪಾಯಿಂಟ್‌ಮೆಂಟ್ ಸುಮಾರು ಹತ್ತು ನಿಮಿಷದ್ದು. ಅದರಲ್ಲೇ ನೆಗಡಿ, ಅಲರ್ಜಿ ಸೇರಿಸಿದರೆ ಎತ್ತರದ ಮಾತಿಗೆ ಸಮಯವೇ ಉಳಿಯದು.

ತಡಮಾಡಿದರೆ ನಷ್ಟ ಮಗುವಿಗೇ. ಎತ್ತರ ಬೆಳೆಸಲು ಕೊಡುವ ಗ್ರೋತ್ ಹಾರ್ಮೋನ್ ಕೆಲಸ ಮಾಡುವುದು ಮೂಳೆಯ ತುದಿ ಬೆಸೆಯುವವರೆಗೆ ಮಾತ್ರ. ಟರ್ನರ್‌ಗೆ ಅದು ಎನ್‌ಎಚ್‌ಎಸ್‌ನಲ್ಲೇ ಸಿಗುತ್ತದೆ, ಹದಿನಾರರೊಳಗಿನವರಿಗೆ ಔಷಧಿಗೆ ಕಾಸಿಲ್ಲ. ಅವಸರಪಟ್ಟು ಖಾಸಗಿಯಲ್ಲಿ ಶುರುಮಾಡಿದರೆ ಆ ಔಷಧಿಯನ್ನು ಜಿಪಿ ಮುಂದುವರಿಸಲೇಬೇಕೆಂದೇನಿಲ್ಲ. ಇಲ್ಲಿ ತಜ್ಞರ ಹತ್ತಿರ ಹೋಗಲು ಜಿಪಿಯ ಶಿಫಾರಸು (ರೆಫರಲ್) ಬೇಕು, ಭಾರತದಲ್ಲಾದರೆ ನೇರ ತಜ್ಞರ ಹತ್ತಿರ ಹೋಗಬಹುದು. ಪತ್ತೆಹಚ್ಚುವುದಕ್ಕೆ ಆ ಪದ್ಧತಿಯೇ ಮೇಲು ಅಂತ ನನಗನ್ನಿಸುತ್ತದೆ. ಒಮ್ಮೆ ಒಳಗೆ ಸೇರಿದ ಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವುದರಲ್ಲಿ ಇಲ್ಲಿಯದೇ ವಾಸಿ.

ಗಂಡುಮಕ್ಕಳಲ್ಲಿ ಕಾಣುವ ಇಂಥದೇ ಒಂದು ಕ್ರೋಮೋಸೋಮ್ ತೊಂದರೆಯದ್ದು ಉಲ್ಟಾ: ಅದರಲ್ಲಿ ಒಂದು ಎಕ್ಸ್ ಹೆಚ್ಚಿರುತ್ತದೆ. ಎಕ್ಸ್ಎಕ್ಸ್‌ವೈ, ಅಂದರೆ ಕ್ಲೈನ್‌ಫೆಲ್ಟರ್ ಇರುವ ಹುಡುಗ ಸಾಮಾನ್ಯವಾಗಿ ಎತ್ತರವಾಗೇ ಬೆಳೆಯುತ್ತಾನೆ, ಕಾಲು ಉದ್ದ. ಯಾರಿಗೂ ಅನುಮಾನವೇ ಬರುವುದಿಲ್ಲ. ಸಣ್ಣ ವೃಷಣ, ವಿರಳ ಗಡ್ಡ, ಕೆಲವರಿಗೆ ಎದೆ ಉಬ್ಬುವುದು ಇದರ ಗುರುತು. ಎಷ್ಟೋ ಜನರಿಗೆ ಗೊತ್ತಾಗುವುದೇ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ. ಟೆಸ್ಟೊಸ್ಟೆರೋನ್ (ಗಂಡು ಹಾರ್ಮೋನ್) ಶುರುಮಾಡುವ ಮೊದಲು ವೀರ್ಯಾಣು ತೆಗೆದಿಡಲು ಸಾಧ್ಯವೇ ಎಂದು ಫರ್ಟಿಲಿಟಿ ಕ್ಲಿನಿಕ್ಕಿಗೆ ರೆಫರಲ್ ಕೇಳಿ. ಇರುವ ಅಲ್ಪಸ್ವಲ್ಪ ವೀರ್ಯಾಣು ಉತ್ಪಾದನೆಯನ್ನೂ ಆ ಔಷಧಿ ತಗ್ಗಿಸುತ್ತದೆ.