ಬೆನ್ನಿನ ಆಪರೇಷನ್ ಆದ ಮೇಲೂ ನೋವು ನಿಲ್ಲದಿದ್ದರೆ

ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಆಗಿ ಮೂರು ತಿಂಗಳಾದರೂ ನೋವು ಹೋಗಿಲ್ಲವೆಂದು ಇನ್ನೊಂದು ಆಪರೇಷನ್‌ಗೆ ಅವಸರ ಬೀಳಬೇಡಿ. ಮತ್ತೆ ಮತ್ತೆ ಬೆನ್ನು ಕೊಯ್ದಷ್ಟೂ ಗುಣವಾಗುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ. ಮೊದಲು ನೋವಿನ ಮೂಲ ಸಿಗಬೇಕು.

ಡಾಕ್ಟರ ಹತ್ತಿರ ಹೋಗುವ ಮುನ್ನ ಒಂದು ವಾರ ಬರೆದಿಡಿ: ನೋವು ಸೊಂಟದಲ್ಲೋ ಕಾಲಿನಲ್ಲೋ? ಹೆಬ್ಬೆರಳಿನ ಕಡೆಗೋ ಕಿರುಬೆರಳಿನ ಕಡೆಗೋ? ಕೂತಾಗ ಹೆಚ್ಚೋ, ನಡೆದಾಗಲೋ? ಎಲ್ಲಕ್ಕಿಂತ ಮುಖ್ಯವಾಗಿ, ಶುರುವಾದದ್ದು ಯಾವಾಗ?

ಆಪರೇಷನ್ ಆದ ದಿನದಿಂದಲೂ ಕಾಲುನೋವು ಇಳಿದೇ ಇಲ್ಲವೆಂದರೆ ನರದ ಮೇಲಿನ ಒತ್ತಡ ಪೂರ್ತಿ ಬಿಟ್ಟಿರಲಿಕ್ಕಿಲ್ಲ, ಅಥವಾ ನರಕ್ಕೇ ಪೆಟ್ಟಾಗಿರಬಹುದು. ಕೆಲವು ವಾರ ಚೆನ್ನಾಗಿದ್ದು, ಗೊಬ್ಬರದ ಬುಟ್ಟಿ ಎತ್ತಿದಾಗ ಚಳಕ್ಕೆಂದು ಕಾಲಿಗಿಳಿದರೆ ಡಿಸ್ಕ್ ಮತ್ತೆ ಜಾರಿರುವ ಸಂಭವವಿದೆ. ತಿಂಗಳುಗಳ ಮೇಲೆ ಉರಿ, ಜುಮುಜುಮು ನಿಧಾನಕ್ಕೆ ಏರಿದರೆ ನರದ ಸುತ್ತ ಗಾಯದ ಗಟ್ಟಿ ಪದರ ಬೆಳೆದಿರಬಹುದು. ಬೆನ್ನುಮೂಳೆ ಬಿಗಿಯಲು ಸ್ಕ್ರೂ ಹಾಕಿಸಿಕೊಂಡವರಿಗೆ ಕುಂಡೆಯ ಒಂದೇ ಬದಿ ನೋಯುತ್ತಿದ್ದರೆ ಸೊಂಟದ ಕೆಳಗಿನ ಸ್ಯಾಕ್ರೊಇಲಿಯಾಕ್ ಕೀಲನ್ನು ನೋಡಿಸಿ. ಇದು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ.

ಹಳೆಯ ಫಿಲ್ಮ್, ಡಿಸ್ಚಾರ್ಜ್ ಚೀಟಿ ಜೊತೆಗೊಯ್ಯಿರಿ. ಗಾಯದ ಪದರವೋ ಜಾರಿದ ಡಿಸ್ಕೋ ಎಂದು ಬೇರ್ಪಡಿಸಲು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಸ್ಕ್ಯಾನಿನಲ್ಲಿ ಬೆಳಗುವ ಔಷಧಿ) ಹಾಕಿದ ಎಂಆರ್‌ಐ ಬೇಕು: ಪದರಕ್ಕೆ ಔಷಧಿ ಹಿಡಿದು ಬೆಳಗುತ್ತದೆ, ಡಿಸ್ಕಿನ ಒಳಭಾಗ ಬೆಳಗುವುದಿಲ್ಲ. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ. ಸ್ಕ್ರೂ ಸಡಿಲವಾಗಿದೆಯೇ ಎಂಬುದು ಸಿಟಿ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೂ ನೋವು ಸುಳ್ಳಲ್ಲ. ಬಹುಕಾಲ ಕೆರಳಿದ ನರ ಕಾರಣ ಹೋದ ಮೇಲೂ ನೋಯುತ್ತಲೇ ಇರಬಲ್ಲದು. ಮನೆಯವರಿಗೂ ಇದು ಗೊತ್ತಿರಬೇಕು.

ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ, ಜ್ವರದ ಜೊತೆ ಬೆನ್ನುನೋವು ಏರಿದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಹೊಸನಗರವಿರಲಿ, ತೀರ್ಥಹಳ್ಳಿಯಿರಲಿ, ರಾತ್ರಿಯೇ ಗಾಡಿ ಮಾಡಿಕೊಂಡು ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೊರಡಿ.

ಮೆಡಿಕಲ್ ಶಾಪಿನಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಹೊಟ್ಟೆಹುಣ್ಣು ತರಬಹುದು, ಕಿಡ್ನಿ ಕೆಡಿಸಬಹುದು. ನರದ ಉರಿಗೆ ಅಷ್ಟೇನೂ ನಾಟುವುದಿಲ್ಲ. ಅದಕ್ಕೆ ಡಾಕ್ಟರು ಕೊಡುವುದು ಗ್ಯಾಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್‌ನಂಥವು. ಸಣ್ಣ ಡೋಸಿನಿಂದ ಮೆಲ್ಲಗೆ ಏರಿಸುತ್ತಾರೆ, ಗುಣ ಕಾಣಲು ವಾರಗಳೇ ಬೇಕು. ಮೊದಮೊದಲು ಮಂಪರು ಬರುವುದರಿಂದ ಬೈಕ್ ಓಡಿಸಬೇಡಿ, ಅಡಿಕೆ ಮರ ಹತ್ತಬೇಡಿ. ತಟ್ಟನೆ ನಿಲ್ಲಿಸಲೂಬಾರದು.

ಡಾಕ್ಟರು ಒಪ್ಪಿದ ಮೇಲೆ ದಿನಕ್ಕೆರಡು ಸಲ ಐದೈದು ನಿಮಿಷ ನಡೆಯಿರಿ, ಎರಡು ಮೂರು ದಿನಕ್ಕೊಮ್ಮೆ ಒಂದು ನಿಮಿಷ ಸೇರಿಸಿ. ನೋವಿಲ್ಲದ ದಿನ ಇಡೀ ತೋಟ ಸುತ್ತಿ, ಮರುದಿನ ಮಲಗಿಬಿಡುವುದೇ ಹೆಚ್ಚಿನವರ ತಪ್ಪು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ಬೇಡ, ಜಗುಲಿ ಸಾಕು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತೇ ಇರಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಇಷ್ಟಕ್ಕೂ ಬಗ್ಗದಿದ್ದರೆ ಎಕ್ಸ್‌ರೇ ನೋಡಿಕೊಂಡು ನರದ ಬುಡಕ್ಕೆ ಕೊಡುವ ಇಂಜೆಕ್ಷನ್ ಇದೆ. ನೋವು ಆ ನರದ್ದೇ ಹೌದೋ ಎಂಬುದಕ್ಕೂ ಅದರಿಂದ ಸುಳಿವು ಸಿಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದರ ಸ್ಟೀರಾಯ್ಡ್ ಕೆಲವು ದಿನ ಶುಗರ್ ಏರಿಸುತ್ತದೆ. ಕೊನೆಯದು, ಬೆನ್ನುಹುರಿಯ ಬಳಿ ತಂತಿ ಇಟ್ಟು ಸಣ್ಣ ಕರೆಂಟ್ ಹರಿಸುವ ಯಂತ್ರ. ದುಬಾರಿ, ಕಾಲಿನ ನರದ ನೋವಿಗೇ ಹೆಚ್ಚು ಉಪಯೋಗ. ಸುಮಾರು ಒಂದು ವಾರ ತಾತ್ಕಾಲಿಕವಾಗಿ ಹಾಕಿ ನೋಡಿ, ನೋವು ಅರ್ಧಕ್ಕಾದರೂ ಇಳಿದರೆ ಮಾತ್ರ ಕಾಯಂ ಹಾಕಿಸಿಕೊಳ್ಳಿ.