ರಾಕ್ ಹಾಡಿನಲ್ಲಿ ನಮ್ಮ ಸಂಗೀತ ಹುಡುಕುವುದು ಹೇಗೆ? ಸಿತಾರ್ ಬಿಡಿ, ಶ್ರುತಿ ಹಿಡಿಯಿರಿ

ಅರವತ್ತರ ದಶಕದ ಯಾವುದೋ ಇಂಗ್ಲಿಷ್ ರಾಕ್ ಹಾಡಿನಲ್ಲಿ ಸಿತಾರ್ ಟಿಂಗ್ ಅಂದರೆ ಸಾಕು, "ನೋಡಿ, ನಮ್ಮ ಸಂಗೀತ ಅಲ್ಲಿಗೂ ಹೋಯಿತು" ಅಂತ ಎದೆಯುಬ್ಬಿಸುವವರೇ ಜಾಸ್ತಿ. ನಾನೂ ಹಾಗೇ ಇದ್ದೆ. ಆಮೇಲೆ ಗೊತ್ತಾಯಿತು, ಸಿತಾರ್ ಒಂದನ್ನೇ ನಂಬಿಕೊಂಡರೆ ಮೋಸ ಹೋಗುವುದು ಗ್ಯಾರಂಟಿ. ಹಾಡಿನ ಒಳಗೆ ನಮ್ಮ ಸಂಗೀತ ಎಷ್ಟು ಇಳಿದಿದೆ ಅಂತ ತಿಳಿಯಲು ಕಿವಿಯನ್ನು ಬೇರೆ ಕಡೆ ಇಡಬೇಕು. ಒಂದು ಹೆಡ್‌ಫೋನ್, ಮೊಬೈಲಿನಲ್ಲಿ ಒಂದು ತಂಬೂರಿ ಆ್ಯಪ್ ಇದ್ದರೆ ಆಯಿತು. ಸಂಗೀತ ಕಲಿತಿರಲೇಬೇಕು ಅಂತೇನಿಲ್ಲ.

ಮೊದಲು ಎರಡು ಹಾಡು ಬೆನ್ನುಬೆನ್ನಿಗೆ ಕೇಳಿ. ಒಂದು, 1965ರ ಡಿಸೆಂಬರಿನಲ್ಲಿ ಬಂದ ಬೀಟಲ್ಸ್‌ನ 'ನಾರ್ವೇಜಿಯನ್ ವುಡ್'. ಜಾರ್ಜ್ ಹ್ಯಾರಿಸನ್ ಇದರಲ್ಲಿ ಸಿತಾರ್ ನುಡಿಸಿದ್ದಾನೆ, ಎಲ್ಲರೂ ಉದಾಹರಣೆ ಕೊಡುವುದು ಇದನ್ನೇ. ಸ್ವಲ್ಪ ಗಮನ ಕೊಟ್ಟು ಕೇಳಿ. ಸಿತಾರ್ ಅಲ್ಲಿ ಹಾಡಿನ ಧಾಟಿಯನ್ನೇ ಮತ್ತೆ ನುಡಿಸುತ್ತಿದೆ, ಅಷ್ಟೇ. ಅದನ್ನು ತೆಗೆದು ಮ್ಯಾಂಡೊಲಿನ್ ಇಟ್ಟರೂ ಹಾಡಿಗೆ ಏನೂ ಆಗುವುದಿಲ್ಲ. ಇನ್ನೊಂದು, ಅದೇ ವರ್ಷ ಜುಲೈಯಲ್ಲೇ ಬಂದಿದ್ದ ಕಿಂಕ್ಸ್ ತಂಡದ 'ಸೀ ಮೈ ಫ್ರೆಂಡ್ಸ್'. ಇದರಲ್ಲಿ ಸಿತಾರೇ ಇಲ್ಲ. ಗಿಟಾರು ಮಾತ್ರ. ಆದರೆ ಆ ಗಿಟಾರು ಒಂದೇ ಸ್ವರವನ್ನು ಗುಂಯ್ ಅಂತ ಹಿಡಿದುಕೊಂಡು ಕೂತಿರುತ್ತದೆ, ಹಾಡು ಅದರ ಮೇಲೆ ತೇಲುತ್ತದೆ. ಪ್ರವಾಸದ ಮಧ್ಯೆ ಬಾಂಬೆಯಲ್ಲಿ ಇಳಿದಿದ್ದಾಗ ಬೆಳಗಿನ ಜಾವ ಮೀನುಗಾರರು ಹಾಡುವುದನ್ನು ಕೇಳಿದ್ದೇ ಈ ಹಾಡಿಗೆ ಮೂಲ ಅಂತ ಅದನ್ನು ಬರೆದ, ಕಿಂಕ್ಸ್‌ನ ಗಾಯಕ ರೇ ಡೇವೀಸ್ ಹೇಳಿಕೊಂಡಿದ್ದಾನೆ. ನನ್ನ ಪ್ರಕಾರ ಎರಡರಲ್ಲಿ ನಮಗೆ ಹತ್ತಿರದ ಹಾಡು ಇದೇ.

ಈಗ ಶ್ರುತಿ ಪರೀಕ್ಷೆ. ಇಂಗ್ಲಿಷ್ ಹಾಡಿನಲ್ಲಿ ಸಾಮಾನ್ಯವಾಗಿ ಕಾರ್ಡ್‌ಗಳು (chord, ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುತ್ತವೆ, ಅಂದರೆ ಕಾಲ ಕೆಳಗಿನ ನೆಲವೇ ಜರುಗುತ್ತಿರುತ್ತದೆ. ನಮ್ಮಲ್ಲಿ ನೆಲ ಜರುಗುವುದಿಲ್ಲ, ಷಡ್ಜ, ಅಂದರೆ 'ಸ' ಎಲ್ಲಿದೆಯೋ ಅಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಹಾಡಿನ ಶ್ರುತಿಗೆ ತಂಬೂರಿ ಆ್ಯಪ್ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸಿ. ಶ್ರುತಿ ಯಾವುದು ಅಂತ ಗೊತ್ತಾಗದಿದ್ದರೆ ಹಾಡು ಬಂದು ನಿಲ್ಲುವ ಸ್ವರವನ್ನು ಗುನುಗಿ, ಬಹಳಷ್ಟು ಸಲ ಅದೇ ಆಗಿರುತ್ತದೆ. ಸುಮ್ನೆ ಯಾವುದೋ ಪಾಪ್ ಹಾಡಿಗೆ ಹೀಗೆ ಮಾಡಿದರೆ ಎರಡನೇ ಸಾಲಿಗೆಲ್ಲ ಕಿವಿ ಉರಿಯುತ್ತದೆ. ಬೀಟಲ್ಸ್‌ನ 1966ರ 'ಟುಮಾರೋ ನೆವರ್ ನೋಸ್' ಹಾಕಿ, ತಂಬೂರಿಯನ್ನು 'ಸಿ' (C) ಸ್ವರಕ್ಕೆ ಇಡಿ. ಕೊನೆತನಕ ಕೂರುತ್ತದೆ. ಮೇಲೆ ಆಗಾಗ ಬಿ ಫ್ಲಾಟ್ ಬರುತ್ತದೆ, ನಮ್ಮ ಲೆಕ್ಕದಲ್ಲಿ ಕೋಮಲ ನಿಷಾದ, ಅದೂ ಶ್ರುತಿಗೆ ತೊಂದರೆ ಕೊಡುವುದಿಲ್ಲ. ಹಾಡಿನ ಶುರುವಿನಲ್ಲೇ ನಿಜವಾದ ತಂಬೂರಿ ಕೇಳಿಸುತ್ತದೆ, ಹೆಡ್‌ಫೋನ್ ಇದ್ದರೆ ಚೆನ್ನಾಗಿ ಸಿಗುತ್ತದೆ.

(ಶ್ರುತಿ ಅಂದಾಗ ನೆನಪಾಯಿತು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಕಛೇರಿಯಲ್ಲಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಶ್ರುತಿ ಮಾಡಿಕೊಳ್ಳುತ್ತಿದ್ದರೆ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ನುಡಿಸುವುದು ಇನ್ನೂ ಹಿಡಿಸಬಹುದು ಅಂತ ರವಿಶಂಕರ್ ತಣ್ಣಗೆ ಹೇಳಿದರು. ರೆಕಾರ್ಡಿನಲ್ಲಿ ಅದು ಹಾಗೇ ಇದೆ.)

ಶ್ರುತಿ ಸಿಕ್ಕಿತು ಅಂತಾದರೆ ಮುಂದೆ ತಾಳ. ಇಲ್ಲಿ ಒಂದೇ ಹಾಡನ್ನು ಹಿಡಿದು ಕೂತರೆ ಸಾಕು, 1967ರ 'ವಿದಿನ್ ಯೂ ವಿದೌಟ್ ಯೂ'. ಬೀಟಲ್ಸ್‌ನಲ್ಲಿ ಹ್ಯಾರಿಸನ್ ಬಿಟ್ಟು ಬೇರೆ ಯಾರೂ ಇದರಲ್ಲಿಲ್ಲ. ಲಂಡನ್ನಿನಲ್ಲಿದ್ದ ಭಾರತೀಯ ವಾದಕರು ದಿಲ್‌ರುಬಾ (ಕಮಾನಿನಿಂದ ನುಡಿಸುವ ತಂತಿವಾದ್ಯ), ತಬಲಾ, ತಂಬೂರಿ ನುಡಿಸಿದ್ದಾರೆ. ಆರಂಭದಲ್ಲಿ ತಬಲಾ ಇಲ್ಲ, ಸಣ್ಣದೊಂದು ಆಲಾಪ. ತಬಲಾ ಬಂದ ಮೇಲೆ ಹಾಡು ಹದಿನಾರು ಮಾತ್ರೆಯ ತೀನ್‌ತಾಳದ ಲೆಕ್ಕದಲ್ಲಿ ಹೋಗುತ್ತದೆ. ಸ್ವರಗಳು ಹಿಂದೂಸ್ತಾನಿಯಲ್ಲಿ ಹೇಳುವುದಾದರೆ ಖಮಾಜ್ ಥಾಟ್ (ಥಾಟ್ ಅಂದರೆ ಏಳು ಸ್ವರಗಳ ಜೋಡಣೆ), ಕರ್ನಾಟಕ ಸಂಗೀತದವರಿಗೆ ಹರಿಕಾಂಭೋಜಿ. ಮಾತು ನಿಂತು ಬರೀ ವಾದ್ಯಗಳು ಬರುವ ನಡುಭಾಗಕ್ಕೆ ಬಂದಾಗ ತೊಡೆಯ ಮೇಲೆ ತಾಳ ಹಾಕಿ ನೋಡಿ. ನಾಲ್ಕರ ಲೆಕ್ಕ ಹಾಕಿದರೆ ಕೈ ತಪ್ಪುತ್ತದೆ. 'ತಕ ತಕಿಟ, ತಕ ತಕಿಟ' ಅಂತ ಐದು ಎಣಿಸಿ, ಗಪ್ಪಂತ ಕೂರುತ್ತದೆ! ದಿಲ್‌ರುಬಾ ಒಂದು ಮಾತು ಹೇಳುತ್ತದೆ, ಸಿತಾರ್ ಉತ್ತರ ಕೊಡುತ್ತದೆ, ನಮ್ಮ ಸವಾಲ್ ಜವಾಬ್ ಇದ್ದಂತೆ. ಹಿಂದೆ ಇರುವ ಪಾಶ್ಚಾತ್ಯ ಪಿಟೀಲುಗಳನ್ನು ಬಿಡಬೇಡಿ. ಅವೂ ಸ್ವರದಿಂದ ಸ್ವರಕ್ಕೆ ಜಾರುತ್ತವೆ, ದಿಲ್‌ರುಬಾ ಥರಾನೇ ಜಾರಬೇಕು ಅಂತ ಪಿಟೀಲಿನವರಿಗೆ ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹಾಗೇ ಬರೆದುಕೊಟ್ಟಿದ್ದ.

ಈ ಜಾರುವಿಕೆಯೇ ಮೂರನೇ ಗುರುತು, ಗಮಕ. ರಾಕ್ ಗಿಟಾರಿನವರೂ ತಂತಿ ಎಳೆದು ಸ್ವರ ಬಾಗಿಸುತ್ತಾರೆ, ಆದರೆ ಅದು ಹೆಚ್ಚಾಗಿ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಿಂದ ಬಂದದ್ದು. ಅದನ್ನೆಲ್ಲ ಗಮಕ ಅಂತ ಕರೆದರೆ ತಪ್ಪಾಗುತ್ತದೆ. ವ್ಯತ್ಯಾಸ ಕಿವಿಗೆ ಹತ್ತಬೇಕಾದರೆ ಜಾನ್ ಮೆಕ್‌ಲಾಕ್ಲಿನ್ ಕೇಳಿ. ಈತ ರಾಕ್ ಮತ್ತು ಜಾಜ್ ಗಿಟಾರಿನವನು. ಆಧ್ಯಾತ್ಮಿಕ ಗುರು ಶ್ರೀ ಚಿನ್ಮಯ್ ಅವರ ಶಿಷ್ಯನಾಗಿ ಮಹಾವಿಷ್ಣು ಎಂಬ ಹೆಸರು ಪಡೆದು, 1971ರಲ್ಲಿ ಅದೇ ಹೆಸರಿನ ತಂಡ ಕಟ್ಟಿದ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತ. ವೀಣೆಯಲ್ಲಿ ಒಂದೇ ಮನೆಯಲ್ಲಿ (ತಂತಿ ಒತ್ತುವ ಅಡ್ಡಪಟ್ಟಿ, ಫ್ರೆಟ್) ತಂತಿ ಎಳೆದು ಎರಡು ಮೂರು ಸ್ವರ ತರುತ್ತಾರಲ್ಲ, ಅದು ಮಾಮೂಲಿ ಗಿಟಾರಿನಲ್ಲಿ ಅಷ್ಟು ಸಲೀಸಾಗಿ ಆಗುವುದಿಲ್ಲ. ಅದಕ್ಕೇ ಮನೆಗಳ ನಡುವಿನ ಮರವನ್ನು ಗುಳಿಯಾಗಿ ಕೊರೆಸಿದ, ಬೆರಳಿನ ಕೆಳಗೆ ಮರ ತಾಗದೆ ತಂತಿ ಸರಾಗ ಎಳೆಯಲು ಬರಲಿ ಅಂತ. ಶ್ರುತಿ ಮಿಡಿಯಲು ಅಡ್ಡಡ್ಡ ಬೇರೆ ತಂತಿಗಳನ್ನೂ ಕಟ್ಟಿಸಿದ. ಆತನದೇ ಶಕ್ತಿ ತಂಡದಲ್ಲಿ ಎಲ್. ಶಂಕರ್ ಪಿಟೀಲು, ಜಾಕೀರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ, ಇವರ ನಡುವೆ ಆ ಗಿಟಾರು ಕೇಳಿ. ಪಿಟೀಲು ಬಿಟ್ಟ ಕಡೆಯಿಂದ ಅದು ಎತ್ತಿಕೊಳ್ಳುತ್ತದೆ.

ಇನ್ನು ಮಾತಿನ ವಿಷಯ, ಅಂದರೆ ತತ್ವ. ಇಲ್ಲಿ ಎಡವುವುದು ಸುಲಭ, ಯಾಕೆಂದರೆ ಆ ಕಾಲದವರು ಪೂರ್ವದ ಪುಸ್ತಕ ಯಾವುದು ಸಿಕ್ಕರೂ ಓದುತ್ತಿದ್ದರು. ಮೇಲೆ ಹೇಳಿದ 'ಟುಮಾರೋ ನೆವರ್ ನೋಸ್' ಮಾತುಗಳ ಹಿಂದಿರುವುದು ಟಿಬೆಟಿನ ಬೌದ್ಧ ಗ್ರಂಥ. ಬೀಟಲ್ಸ್‌ನದ್ದೇ 1968ರ 'ದಿ ಇನ್ನರ್ ಲೈಟ್' ಇನ್ನೂ ಮಜಾ. ವಾದ್ಯಗಳನ್ನೆಲ್ಲ ಬಾಂಬೆಯ ಸ್ಟುಡಿಯೋದಲ್ಲಿ ನಮ್ಮವರೇ ನುಡಿಸಿದ್ದು, ಆದರೆ ಮಾತು ಚೀನಾದ ಹಳೆಯ ತತ್ವಗ್ರಂಥ ದಾವ್ ದೇ ಜಿಂಗ್‌ನದ್ದು. ಹಾಗಾಗಿ ವಾದ್ಯ ಕೇಳಿ "ಇದು ವೇದಾಂತ" ಅಂತ ಹೇಳಿಬಿಡಬೇಡಿ, ಮಾತು ಎಲ್ಲಿಂದ ಬಂತು ಅಂತ ಬೇರೆಯಾಗಿ ನೋಡಿ.

ಉಲ್ಟಾ ಕೂಡ ಆಗುತ್ತದೆ. ಹ್ಯಾರಿಸನ್‌ನ 1970ರ 'ಮೈ ಸ್ವೀಟ್ ಲಾರ್ಡ್' ಹಾಡಿನಲ್ಲಿ ತಬಲಾ, ಸಿತಾರ್ ಹುಡುಕಿದರೆ ಏನೂ ಸಿಗುವುದಿಲ್ಲ. ಕಾರ್ಡ್ ಬದಲಾಗುತ್ತಲೇ ಇರುತ್ತವೆ, ತಂಬೂರಿ ಪರೀಕ್ಷೆಯಲ್ಲಿ ಫೇಲು. ಮುಂದಿನ ದನಿ ಬಿಟ್ಟು ಹಿಂದಿನ ಕೋರಸ್ ಒಂದನ್ನೇ ಹಿಡಿಯಿರಿ. ಮೊದಲು 'ಹಾಲೆಲೂಯ' ಅಂತ ಚರ್ಚಿನ ಥರ ಹೋಗುತ್ತಿರುತ್ತದೆ. ಕೇಳುವವರು ಅದಕ್ಕೆ ಹೊಂದಿಕೊಂಡ ಮೇಲೆ ಅದೇ ಧಾಟಿಯಲ್ಲಿ, ಒಂದು ಚೂರೂ ಸದ್ದು ಮಾಡದೆ, 'ಹರೇ ಕೃಷ್ಣ' ಒಳಗೆ ಬಂದಿರುತ್ತದೆ. ಹಾಡು ಮುಗಿಯುವ ಕಡೆ ವಾಲ್ಯೂಮ್ ಜಾಸ್ತಿ ಮಾಡಿ. 'ಗುರುರ್ಬ್ರಹ್ಮಾ ಗುರುರ್ವಿಷ್ಣುಃ' ಅಂತ ಶುರುವಾಗುವುದು ಕೇಳಿಸುತ್ತದೆ, ನಾವು ಚಿಕ್ಕವರಿದ್ದಾಗ ಕೈ ಮುಗಿದುಕೊಂಡು ಹೇಳುತ್ತಿದ್ದ ಅದೇ ಶ್ಲೋಕ. ನನಗೆ ಮೊದಲ ಸಲ ಕೇಳಿಸಿದ್ದು ಹಾಡು ಗೊತ್ತಾಗಿ ಎಷ್ಟೋ ವರ್ಷ ಆದ ಮೇಲೆ.